ಪಾರವ್ವನ ದಾಳಿಂಬೆ ಬಣ್ಣ

ಪಾರವ್ವ ಮರಾಠಿ ಸೀಮೆಯ ಹಡಪಸರದ ತನ್ನ ನೆಲಮಹಡಿಯ ಮನೆಯಲ್ಲಿ ಖಣದ ಸೀರೆ ಮಾರುತ್ತಿದ್ದಳು. ತವರೂರು ಗುಳೇದಗುಡ್ಡದಿಂದ ಗಂಟು ಬಂದರೆ ಬಿಚ್ಚಿ, ಮೊಬೈಲಿನಲ್ಲಿ ಫೋಟೋ ತೆಗೆದು ಸೊಸೈಟಿಯ ಹೆಂಗಸರಿಗೆಲ್ಲ ಕಳಿಸುವಳು. ಬಟ್ಟೆ ಚಿನ್ನದಂಥದ್ದು, ಬೆಳಕು ಮಾತ್ರ ಕೆಟ್ಟದ್ದು. ಕಿಟಕಿಯ ಮೇಲೆ ಹಸಿರು ಪ್ಲಾಸ್ಟಿಕ್ ತಗಡು, ಒಳಗೆ ಹಳದಿ ಬಲ್ಬು. ಎರಡೂ ಕೂಡಿ ದಾಳಿಂಬೆ ಬಣ್ಣದ ಸೀರೆಯನ್ನು ಬದನೆಕಾಯಿ ಮಾಡಿಬಿಡುತ್ತಿದ್ದವು.

ಇದರ ಪೂರಾ ಲಾಭ ಪಡೆದವಳು ಮೇಲಿನ ಮಹಡಿಯ ಶರ್ವರಿ. ಸೀರೆ ಒಯ್ಯುವಳು, ಸಮಾರಂಭವೊಂದು ಮುಗಿದ ಮೇಲೆ ಮಡಿಕೆ ಮಾಡಿ ತಂದು, ಫೋಟೋದಲ್ಲಿ ಕಂಡ ಬಣ್ಣ ಇದಲ್ಲವೆಂದು ವಾಪಸು ಕೊಡುವಳು. ಮಡಿಕೆಯೊಳಗಿಂದ ಅತ್ತರು ಘಮ್ಮೆನ್ನುತ್ತಿತ್ತು. ಆದರೆ ಬಣ್ಣದ ಮಾತು ನಿಜವೇ ಆಗಿದ್ದರಿಂದ ಪಾರವ್ವ ಹಣ ಎಣಿಸಿ ತಿರುಗಿ ಕೊಡಬೇಕಾಗುತ್ತಿತ್ತು.

ಕೊನೆಗೊಂದು ರಜೆಯ ದಿನ, ಚಾಕಣದ ಕಾರ್ಖಾನೆಯಲ್ಲಿ ಸ್ಟೋರ್ ನೋಡಿಕೊಳ್ಳುವ ಗಂಡ ಫಕೀರಪ್ಪನನ್ನು ಹೊರಡಿಸಿಕೊಂಡು ಶಿವಾಜಿನಗರದ ಕ್ಯಾಮೆರಾ ಅಂಗಡಿಗೆ ಹೋದಳು. ಚೀಲದಲ್ಲಿ ದಾಳಿಂಬೆ ಸೀರೆ ಇತ್ತು. ಮಾಲೀಕ ಕುಶಲ ದೂರದ್ದನ್ನು ಹತ್ತಿರ ತರುವ ಕ್ಯಾಮೆರಾಗಳನ್ನು ಒಂದೊಂದಾಗಿ ತೋರಿಸಿದ. ಅವಳು ಅದ್ಯಾವುದನ್ನೂ ಕಿವಿಗೆ ಹಾಕಿಕೊಳ್ಳದೆ, ಪಕ್ಕದ ಜ್ಯೂಸ್ ಅಂಗಡಿಯ ಹಸಿರು ದೀಪದ ಕೆಳಗೆ ಸೀರೆ ಹಿಡಿದು ನಿಂತಳು. ಇಲ್ಲಿ ಈ ಬಣ್ಣ ಹೀಗೇ ಬರುವಂಥದ್ದು ಬೇಕು ಎಂದಳು. ಮೋಸಂಬಿ ಕುಡಿಯುತ್ತಿದ್ದವರು ಗ್ಲಾಸು ಹಿಡಿದು ಸರಿದು ದಾರಿ ಬಿಟ್ಟರು.

ಮೊದಲಿನ ಕ್ಯಾಮೆರಾಗಳಲ್ಲಿ ಸೀರೆ ಕೊಳೆತ ಬದನೆಕಾಯಿಯೇ ಆಯಿತು. ಆಗ ಕುಶಲ ಒಳಗಿನಿಂದ ಇನ್ನೊಂದು ತಂದ. ಇದಕ್ಕೆ ಆಯಾ ಬೆಳಕಿನಲ್ಲಿ ಬಿಳಿ ಯಾವುದು ಎಂದು ಮೊದಲು ತೋರಿಸಬೇಕು, ಉಳಿದ ಬಣ್ಣವನ್ನೆಲ್ಲ ಅದರ ಮೇಲೆ ತಾನೇ ತಿದ್ದಿಕೊಳ್ಳುತ್ತದೆ ಎಂದ. ಪಾರವ್ವ ಗಂಡನ ತಲೆಯ ಟೋಪಿ ಕಿತ್ತು ಎದುರು ಹಿಡಿದಳು. ಫೋಟೋದಲ್ಲಿ ಎಲ್ಲವೂ ನೀಲಿಯಾಯಿತು. ಟೋಪಿ ಬಿಳಿಯಲ್ಲ, ಹಳದಿಗಟ್ಟಿದೆ ಎಂದು ಕುಶಲ ಮೆಲ್ಲಗೆ ಹೇಳಿದ.

“ಅಂದ್ರ ನಾವು ಏನ ಹೇಳಿದ್ರೂ ಇದು ನಂಬತದ,” ಎಂದಳು ಪಾರವ್ವ ಗಂಡನತ್ತ ತಿರುಗಿ. “ಭಾಳ ನಿಮ್ಮಂಥಾ ಸ್ವಭಾವ ಅದರೀ ಇದರದು.”

“ಹಂಗಾರ ತೊಗೋ,” ಎಂದ ಫಕೀರಪ್ಪ, ಟೋಪಿ ಕೊಡವಿ ಹಾಕಿಕೊಳ್ಳುತ್ತ.

ಬಿಳಿ ಕಾಗದ ತೋರಿಸಿದಾಗ ದಾಳಿಂಬೆ ದಾಳಿಂಬೆಯಾಗಿಯೇ ಬಂತು. ಅದನ್ನೇ ಕೊಂಡರು.

ಗಣಪತಿ ಹಬ್ಬಕ್ಕೆ ಮುಂಚೆ ಹೊಸ ಫೋಟೋ ನೋಡಿ ಶರ್ವರಿ ಅದೇ ಸೀರೆ ಒಯ್ದಳು. ಸೊಸೈಟಿಯ ಮಂಟಪಕ್ಕೆ ಹುಡುಗರು ನೇರಳೆ ದೀಪ ಹಾಕಿದ್ದರು. ಅದರಡಿ ಗಣಪತಿಯೂ ನೇರಳೆ, ಮೋದಕವೂ ನೇರಳೆ. ಇಲ್ಲಿ ಯಾವ ಸೀರೆ ಯಾರದೆಂದು ಬ್ರಹ್ಮನಿಗೂ ತಿಳಿಯದು ಎಂಬ ಧೈರ್ಯದಲ್ಲಿ ಶರ್ವರಿ ಅದನ್ನು ಉಟ್ಟು ಆರತಿಗೆ ಬಂದಳು. ಪಾರವ್ವ ಪ್ರಸಾದದ ಬಿಳಿ ಕಾಗದದ ತಟ್ಟೆಯನ್ನು ಕ್ಯಾಮೆರಾಕ್ಕೆ ತೋರಿಸಿ, ಆರತಿ ಹಿಡಿದವಳನ್ನು ನಗಿಸಿ ಒಂದು ಫೋಟೋ ತೆಗೆದಳು.

ವಿಸರ್ಜನೆ ಮುಗಿದ ಮೇಲೆ ಶರ್ವರಿ ಮಡಿಸಿದ ಸೀರೆಯೊಂದಿಗೆ ಬಂದಳು. ಬಿಚ್ಚಿಯೂ ಇಲ್ಲ, ಬಣ್ಣ ಮಾತ್ರ ಬೇರೆ ಎಂದಳು. ಪಾರವ್ವ ಚಹಾ ಕೊಟ್ಟು, ಕ್ಯಾಮೆರಾ ಮುಂದಿಟ್ಟು, ಈ ದಾಳಿಂಬೆ ಬಣ್ಣ ನಿಮಗೆ ಎಷ್ಟು ಒಪ್ಪಿದೆ ನೋಡಿ, ಎಲ್ಲರಿಗೂ ಕಳಿಸಲೇ ಎಂದು ಮರಾಠಿಯಲ್ಲಿ ಬಲು ನಯವಾಗಿ ಕೇಳಿದಳು.

ಶರ್ವರಿ ಫೋಟೋವನ್ನು ಬಹಳ ಹೊತ್ತು ನೋಡಿದಳು. ಮುಖ ಚೆನ್ನಾಗಿ ಬಂದಿದೆ, ಕಳಿಸು ಎಂದು ಸೀರೆಯನ್ನು ಕಂಕುಳಲ್ಲಿಟ್ಟುಕೊಂಡು ಹೊರಟುಹೋದಳು.

ಅವಳಿಗೆ ನಾಲ್ಕು ಮಾತು ಏಕೆ ಅನ್ನಲಿಲ್ಲವೆಂದು ಫಕೀರಪ್ಪ ಕೇಳಿದ.

“ಬೈದಿದ್ರ ಸೀರಿ ಬರ್ತಿತ್ತು, ಗಿರಾಕಿ ಹೋಗ್ತಿದ್ಲು,” ಎಂದಳು ಪಾರವ್ವ.

ದಸರೆಯ ಹೊತ್ತಿಗೆ ಶರ್ವರಿ ತನ್ನ ಇಬ್ಬರು ಓರಗಿತ್ತಿಯರನ್ನು ಕರೆತಂದಳು. ಮೂವರೂ ಸೀರೆ ಕೊಂಡರು, ಅಲ್ಲೇ ಉಟ್ಟರು. ಎಡಗಡೆಯಿಂದ ತೆಗೆದರೆ ತನ್ನ ಮೂಗು ಸಣ್ಣಗೆ ಕಾಣುತ್ತದೆಂದು ಶರ್ವರಿಯೇ ಪಾರವ್ವನನ್ನು ಎಡಕ್ಕೆ ಸರಿಸಿ ನಿಲ್ಲಿಸಿದಳು.