ಯೋಗಾನಂದನ ಎರಡನೇ ಎತ್ತು

ಕಡೂರಿನ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಹತ್ತಡಿ ಅಗಲದ ಒಂದು ಸಾಮ್ರಾಜ್ಯವಿದೆ. ಅದರ ಪೂರ್ವಾರ್ಧವನ್ನು ಶ್ರುತಿ ತನ್ನ ಹೊಲಿಗೆ ಮಿಷನ್ನಿನ ಮೇಲೆ ಕೂತು ಆಳುತ್ತಾಳೆ. ಪಶ್ಚಿಮಾರ್ಧದಲ್ಲಿ ಒಂದು ಉದ್ದನೆ ಮೇಜು, ಅದರ ಮೇಲೊಂದು ಕಂಪ್ಯೂಟರು, ಕಂಪ್ಯೂಟರಿನ ಹಿಂದೆ ಅವಳ ಗಂಡ ಯೋಗಾನಂದ. ವಯಸ್ಸು ನಲವತ್ತೊಂದು. ಕಸುಬು, ಹೆಸರು ಮಾರುವುದು.

ಹೆಸರು ಅಂದರೆ ಇಂಟರ್ನೆಟ್ಟಿನ ಹೆಸರು. ಅಂಗಡಿಗೋ ಹೋಟೆಲಿಗೋ ವೆಬ್‌ಸೈಟ್ ಮಾಡಿಸುವವರಿಗೆ ಒಂದು ವಿಳಾಸ ಬೇಕಾಗುತ್ತದಲ್ಲ, ಡಾಟ್ ಕಾಮ್ ಎಂದೋ ಡಾಟ್ ಇನ್ ಎಂದೋ ಮುಗಿಯುವ ಡೊಮೈನ್, ಅದು. ಮುಂದೆ ಯಾರಿಗೆ ಯಾವುದು ಬೇಕಾದೀತು ಎಂದು ಊಹಿಸಿ, ಮೊದಲೇ ತನ್ನದಾಗಿ ಮಾಡಿಟ್ಟುಕೊಂಡು, ಅವರು ಬಂದಾಗ ದಾಟಿಸುವುದು ಅವನ ವ್ಯಾಪಾರ. ಕಡೂರು, ತರೀಕೆರೆ, ಅಜ್ಜಂಪುರ ಮೂರೂ ಸೀಮೆಗೆ ಈ ವಿದ್ಯೆಯಲ್ಲಿ ಅವನೇ ಸಾರ್ವಭೌಮ. ಎದುರಾಳಿ ಇಲ್ಲ. ಎದುರಾಳಿ ಇಲ್ಲದಿರುವುದಕ್ಕೆ ಗಿರಾಕಿ ಇಲ್ಲದಿರುವುದೇ ಕಾರಣ ಎಂದು ಶ್ರುತಿಯ ಅಭಿಪ್ರಾಯ.

ದಲ್ಲಾಳಿತನ ಅವನಿಗೆ ರಕ್ತದಲ್ಲಿ ಬಂದದ್ದು. ಅಪ್ಪ ಚೌಡಪ್ಪ ನಲವತ್ತು ವರ್ಷ ಅಜ್ಜಂಪುರದಿಂದ ಎಮ್ಮೆದೊಡ್ಡಿವರೆಗೆ ಎತ್ತಿನ ವ್ಯಾಪಾರ ಕುದುರಿಸಿದವನು. ಇಬ್ಬರ ಕೈಮೇಲೆ ಹಸಿರು ಟವೆಲ್ ಹಾಸಿ, ಒಳಗೆ ಬೆರಳಿಗೊಂದು ಸಾವಿರದ ಲೆಕ್ಕದಲ್ಲಿ ಬೆರಳು ಹಿಡಿದು ಅದುಮುತ್ತಿದ್ದ. ಬೆಲೆ ಎಷ್ಟೆಂದು ಕೊಡುವವನಿಗೂ ತಗೊಳ್ಳುವವನಿಗೂ ಮಾತ್ರ ಗೊತ್ತು. ಚಿಕ್ಕಂದಿನಲ್ಲಿ ಅಪ್ಪನ ಪಕ್ಕ ಕೂತು ಯೋಗಾನಂದ ಕಲಿತ ಪಾಠ ಒಂದೇ, ಎತ್ತು ಯಾವಾಗಲೂ ಜೋಡಿಯಾಗಿ ಇರಬೇಕು, ಜೋಡಿಯಾಗಿಯೇ ತೋರಿಸಬೇಕು. ಹಾಗಾಗಿ ಅವನು ಕಂಪ್ಯೂಟರೆಂಬ ಕೊಟ್ಟಿಗೆಯಲ್ಲಿ ಹೆಸರುಗಳನ್ನೂ ಜೋಡಿಯಾಗಿಯೇ ಕಟ್ಟಿದ್ದ. ಎಡಕ್ಕೆ ಡಾಟ್ ಕಾಮ್, ಬಲಕ್ಕೆ ಡಾಟ್ ಇನ್. ಒಟ್ಟು ಇಪ್ಪತ್ತಾರು ಜೋಡಿ.

ಅನರ್ಥವಾದದ್ದೂ ಅಲ್ಲೇ. ಪಂಚನಹಳ್ಳಿಯ ತೆಂಗಿನಕಾಯಿ ವ್ಯಾಪಾರಿ ತಿಮ್ಮೇಶ್ ಬಂದು, ಒಂದು ಹೆಸರು ನೋಡಿ, ಮುಖ ಅರಳಿಸಿ, ಜೇಬಿಗೆ ಕೈ ಹಾಕಿದ. ಹಾಕಿದ ಕೈ ಆಚೆ ಬರುವಷ್ಟರಲ್ಲಿ ಯೋಗಾನಂದ, "ಇದರ ಜೊತೇದೂ ಐತೆ, ನೋಡಿ" ಅಂದ.

"ಎರಡೈತಾ? ಯಾವುದು ಒರಿಜಿನಲ್ಲು?"

"ಎರಡೂ ಒರಿಜಿನಲ್ಲೇ."

"ಹಂಗಂದ್ರೆ ಇಂಥವು ಇನ್ನೂ ಎಷ್ಟವೆ ನಿನ್ ಹತ್ರ?" ತಿಮ್ಮೇಶನ ಕೈ ಬರಿದಾಗಿ ಆಚೆ ಬಂತು. "ಮನೇಲಿ ಕೇಳ್ಕೊಂಡು ಬತ್ತೀನಿ ಕಣಪ್ಪ."

ತಿಮ್ಮೇಶ್ ಮನೆಯಲ್ಲಿ ಕೇಳುತ್ತಿರುವುದು ಈಗ ಎರಡನೇ ವರ್ಷ. ಹೀಗೆಯೇ ಇನ್ನೂ ಮೂವರು ಬಂದು ಹೋದ ಮೇಲೆ ಶ್ರುತಿ ಬಾಯಲ್ಲಿದ್ದ ಗುಂಡುಪಿನ್ನುಗಳನ್ನು ತೆಗೆದು ಯುದ್ಧ ಘೋಷಿಸಿದಳು.

"ನೋಡ್ರೀ, ಈ ತಿಂಗಳು ಮುಗಿಯೋದ್ರೊಳಗೆ ಒಂದೇ ಒಂದು ಜೋಡಿ ನಿಮ್ ಕೊಟ್ಟಿಗೆಯಿಂದ ಆಚೆ ಹೋಗ್ಬೇಕು. ಹೋಗ್ಲಿಲ್ಲ, ಆ ಮೇಜು ನಂದು. ಇನ್ನೊಂದು ಮಿಷನ್ ಇಡ್ತೀನಿ. ನೀವು ನಮ್ಮಣ್ಣನ ಟೈಲ್ಸ್ ಅಂಗಡೀಲಿ ಧೂಳು ಒರೆಸ್ಕೊಂಡಿರಿ."

ಟೈಲ್ಸ್ ಅಂಗಡಿ! ಸಾರ್ವಭೌಮ ಎರಡೂ ಕೈಯಿಂದ ಮೇಜಿನ ಅಂಚು ಹಿಡಿದುಕೊಂಡ.

ದೇವರು ದೊಡ್ಡವನು. ಎರಡೇ ದಿನಕ್ಕೆ ಅನುಪಮಾ ಎಂಬಾಕೆ ತರೀಕೆರೆಯಿಂದ ಹುಡುಕಿಕೊಂಡು ಬಂದಳು. ಕೆಮ್ಮಣ್ಣುಗುಂಡಿಗೆ ಹೋಗುವ ದಾರಿಯಲ್ಲಿ ಅವಳದೊಂದು ಹೋಂಸ್ಟೇ. ಅದಕ್ಕೊಪ್ಪುವ ಡಾಟ್ ಕಾಮ್ ಯೋಗಾನಂದನ ಬಳಿ ಇತ್ತು. ಡಾಟ್ ಇನ್ ಕೂಡ ಇತ್ತು. ಹೇಳಲು ಬಾಯಿ ತೆರೆದವನು, ಎದುರು ಕೂತ ಶ್ರುತಿ ಕತ್ತರಿಯನ್ನು ಗಾಳಿಯಲ್ಲಿ ಒಮ್ಮೆ ಕಟಕ್ ಅನ್ನಿಸಿದ್ದನ್ನು ನೋಡಿ ಆಕಳಿಸಿದಂತೆ ಮಾಡಿ ಮುಚ್ಚಿದ. ಅರ್ಧ ಗಂಟೆಯಲ್ಲಿ ಹೆಸರು ಅನುಪಮಳ ಪಾಲಾಯಿತು.

ಅವಳು ಮೆಟ್ಟಿಲಿಳಿಯುತ್ತಿದ್ದಂತೆ ಯೋಗಾನಂದ ಮನೆಗೆ ಓಡಿದ. "ಅಪ್ಪಾ, ಎಡಗಡೇದು ಹೋಯ್ತು! ಬಲಗಡೇದು ಐತೆ ಅಂತ ಈಗ್ಲೇ ಫೋನ್ ಮಾಡ್ಲಾ?"

ಜಗಲಿಯ ಮೇಲೆ ಕೂತಿದ್ದ ಚೌಡಪ್ಪ ಮಗನನ್ನು ಮೇಲಿನಿಂದ ಕೆಳಗೆ ನೋಡಿದ. "ಲೇ, ಹಗ್ಗ ಈಗ ತಾನೇ ಕೈ ದಾಟೈತೆ. ಹಿಂದೇನೇ ಇನ್ನೊಂದು ಅಂದ್ರೆ, ಮೊದಲನೇದ್ರಲ್ಲಿ ಏನೋ ಐಬು ಐತೆ ಅನ್ಕೊತಾಳೆ. ಅದು ಹೊಲಕ್ಕಿಳೀಲಿ, ನಾಕು ಸಾಲು ಉಳ್ಲಿ. ಆಗ ಅವಳೇ ಪಕ್ಕಕ್ಕೆ ತಿರುಗಿ ನೋಡ್ತಾಳೆ, ಖಾಲಿ ಐತಲ್ಲ ಅಂತ. ಆಗ ಹೋಗು."

"ಮತ್ತೆ ನೀನು ಯಾವಾಗ್ಲೂ ಜೋಡೀನೇ ತೋರಿಸ್ತಿದ್ದೆ?"

"ಜೋಡಿ ಬೇಕು ಅಂತ ಬಂದೋರಿಗೆ ಕಣೋ! ಒಂಟಿ ಎತ್ತಿಗೆ ಬಂದೋನಿಗೆ ಒಂಟೀನೇ ತೋರಿಸ್ತಿದ್ದೆ. ನೀನೆಲ್ಲಿ ನೋಡ್ದೆ? ಬೋಂಡಾ ತಿಂತಾ ಕೂತಿರ್ತಿದ್ದೆ."

ಮೂವತ್ತು ವರ್ಷ ಹಿಂದೆ ತಿಂದ ಬೋಂಡಾ ನಾಲ್ಕು ಗಿರಾಕಿಗಳನ್ನು ನುಂಗಿತ್ತೆಂದು ಯೋಗಾನಂದನಿಗೆ ಆಗ ತಿಳಿಯಿತು.

ಅವನು ಕಾದ. ಅನುಪಮಾ ವೆಬ್‌ಸೈಟ್ ಮಾಡಿಸಿದಳು, ದಾರಿಯಲ್ಲಿ ಬೋರ್ಡ್ ನೆಡಿಸಿದಳು. ಹೆಸರು ಉಳತೊಡಗಿತು. ವಾರಕ್ಕೊಮ್ಮೆ ಫೋನ್ ಮಾಡಿ, "ಹೆಸರು ಚೆನ್ನಾಗೈತೇನಮ್ಮಾ?" ಎಂದು ಕರು ಕೊಟ್ಟವನಂತೆ ವಿಚಾರಿಸಿದ. ಚೆನ್ನಾಗಿದೆ ಎಂದಳೇ ಹೊರತು ಪಕ್ಕಕ್ಕೆ ತಿರುಗಿ ನೋಡಲಿಲ್ಲ. ತಿಂಗಳು ಮುಗಿಯಲು ಎರಡೇ ದಿನ ಉಳಿಯಿತು. ಶ್ರುತಿ ಮಿಷನ್ನಿನ ಅಂಗಡಿಗೆ ಹೋಗಿ ಬಣ್ಣ ಆರಿಸಿಯೂ ಬಂದಳು.

ಆಗ ಬಂತು ಶಿವಕುಮಾರ್ ಎಂಬುವನ ಫೋನು. ಅನುಪಮಳ ಹೋಂಸ್ಟೇಗಿಂತ ಎರಡು ತಿರುವು ಕೆಳಗೆ ಅವನದೂ ರೂಮುಗಳಿದ್ದವು. "ಅವರು ತಗೊಂಡ್ರಲ್ಲ, ಅದೇ ಹೆಸರಿನ ಡಾಟ್ ಇನ್ ಕೊಡಿ. ಕೇಳಿದಷ್ಟು ಕೊಡ್ತೀನಿ. ಸಂಜೆಯೊಳಗೆ ಹೇಳಿ."

"ಕೊಟ್ಬಿಡ್ರೀ!" ಶ್ರುತಿಯೇ ಎದ್ದು ನಿಂತಳು. "ಮೇಜು ಉಳೀತು ನಿಮ್ದು!"

ಯೋಗಾನಂದ ಮೇಜಿನ ಮೇಲೆ ಕೈಯಾಡಿಸಿದ. ಅನುಪಮಳ ಹೆಸರು ಹುಡುಕಿ ಬೆಟ್ಟ ಹತ್ತಿ ಬಂದವರು ಎರಡು ತಿರುವು ಮೊದಲೇ ಇಳಿದುಬಿಡುವ ಚಿತ್ರ ಕಣ್ಣ ಮುಂದೆ ಬಂತು. ಅಪ್ಪನನ್ನು ಕೇಳಲು ಮನೆಗೆ ಹೋದ. ಚೌಡಪ್ಪ ಎಲ್ಲ ಕೇಳಿಸಿಕೊಂಡು, ಗೋಡೆಯ ಮೊಳೆಯ ಕಡೆ ನೋಡಿ ಒಮ್ಮೆ ಕೆಮ್ಮಿದ. ಯೋಗಾನಂದ ಮೊಳೆಗೆ ನೇತುಹಾಕಿದ್ದ ಹಸಿರು ಟವೆಲನ್ನು ಹೆಗಲಿಗೆ ಹಾಕಿಕೊಂಡು, ದಂಡಯಾತ್ರೆಗೆ ಹೊರಟವನ ಗತ್ತಿನಲ್ಲಿ ತರೀಕೆರೆ ಬಸ್ಸಿನ ಫುಟ್‌ಬೋರ್ಡ್ ಹತ್ತಿದ. ಸೀಟಿರಲಿಲ್ಲ.

ಅನುಪಮಾ ಊಟದ ಹಾಲಿನಲ್ಲಿ ಟೂರಿಸ್ಟರಿಗೆ ಅಕ್ಕಿರೊಟ್ಟಿ ಬಡಿಸುತ್ತಿದ್ದಳು. ಡಾಟ್ ಇನ್ ವಿಷಯ ಕೇಳಿದ್ದೇ ಅವಳ ಕೈ ಸೊಂಟಕ್ಕೆ ಹೋಯಿತು.

"ಆವತ್ತೇ ಯಾಕ್ ಹೇಳ್ಲಿಲ್ಲ?"

"ಆವತ್ತು ಹೇಳಿದ್ರೆ ನೀವು ಎರಡೂ ಬಿಟ್ಟು ಹೋಗ್ತಿದ್ರಿ. ಎಲ್ರೂ ಹಂಗೇ ಹೋಗೌರೆ."

"ಈಗ ಬಂದಿದ್ದೀರಿ ಅಂದ್ರೆ ಇನ್ಯಾರೋ ಕೇಳಿರ್ಬೇಕು. ಹೆದರಿಸೋಕ್ ಬಂದ್ರಾ?"

ಇಂಥ ಗಳಿಗೆಯಲ್ಲಿ ಒಳ್ಳೆಯ ದಲ್ಲಾಳಿ ಮೀಸೆಯಡಿ ನಕ್ಕು ಬೆಲೆ ಏರಿಸುತ್ತಾನೆ. ಯೋಗಾನಂದನಿಗೆ ಮೀಸೆಯೂ ಇರಲಿಲ್ಲ.

"ಕೇಳೌರೆ. ಯಾರು ಅಂತ ಹೇಳಲ್ಲ. ನೀವು ಬೇಡ ಅಂದ್ರೂ ಅವರಿಗೆ ಕೊಡಲ್ಲ. ನಮ್ಮಪ್ಪ ಜೋಡಿ ಒಡ್ದು ಎದುರು ಮನೇಲಿ ಕಟ್ಟಿದೋನಲ್ಲ."

ಬಂದ ಕಾರ್ಯವನ್ನು ಒಂದೇ ಉಸಿರಿನಲ್ಲಿ ತಾನೇ ಹೂತುಹಾಕಿ, ಟೈಲ್ಸಿನ ಧೂಳು ಮೂಗಿಗೆ ಅಡರಿದಂತಾಗಿ ನಿಂತ.

ಅನುಪಮಾ ಅವನ ಹೆಗಲು ನೋಡಿದಳು. "ಈ ಟವೆಲ್... ನೀವು ಚೌಡಪ್ಪನೋರ ಮಗನಾ? ನಮ್ಮದು ಎಮ್ಮೆದೊಡ್ಡಿ ಕಣ್ರೀ. ನಮ್ಮಪ್ಪನ ಎತ್ತು ಮಾರಿಸಿದ್ದೇ ಅವರು." ರೊಟ್ಟಿ ತಟ್ಟೆ ಕೆಳಗಿಟ್ಟು, ಸೆರಗಿಗೆ ಕೈ ಒರೆಸಿ ಮುಂದೆ ಚಾಚಿದಳು. "ಹಾಸಿ."

ಟವೆಲ್ಲಿನಡಿ ಬೆರಳುಗಳ ಕಾಳಗ ಶುರುವಾಯಿತು. ಟೂರಿಸ್ಟರು ರೊಟ್ಟಿ ಬಿಟ್ಟು ಮೊಬೈಲ್ ಹಿಡಿದರು. ಅವನು ಐದು ಬೆರಳು ಹಿಡಿದ, ಅವಳು ಎರಡು. ಅವನು ನಾಲ್ಕಕ್ಕಿಳಿದ, ಅವಳು ಎರಡನ್ನೇ ಇನ್ನಷ್ಟು ಬಿಗಿಯಾಗಿ ಅದುಮಿದಳು. ಎಮ್ಮೆದೊಡ್ಡಿಯ ಹಿಡಿತ, ಸಾಮಾನ್ಯದ್ದಲ್ಲ. ಕೊನೆಗೆ ಇಬ್ಬರೂ ಒಟ್ಟಿಗೆ ಕೈ ಬಿಟ್ಟರು.

ಮುಸ್ಸಂಜೆಗೆ ಅವನು ಅಂಗಡಿಗೆ ಬಂದಾಗ ಶ್ರುತಿ ಕೇಳಿದಳು, "ಎಷ್ಟಕ್ಕೆ?"

ಅವನು ಅವಳ ಕೈಮೇಲೆ ಟವೆಲ್ ಹಾಸಿ, ಮೆಲ್ಲಗೆ ಎರಡೂವರೆ ಬೆರಳು ಅದುಮಿದ.

"ಶಿವಕುಮಾರ್ ಐದು ಕೇಳಿದ್ರೂ ಕೊಡ್ತಿದ್ದ!"

"ಜೋಡಿ ಆಚೆ ಹೋಗ್ಬೇಕು ಅಂದೆ. ಎಷ್ಟಕ್ಕೆ ಅಂತ ಹೇಳಿರ್ಲಿಲ್ಲ."

ಶ್ರುತಿ ಅವನ ಮುಖ ನೋಡಿದಳು. ನಗು ಬರುವಷ್ಟರಲ್ಲಿ ಗುಂಡುಪಿನ್ನುಗಳನ್ನು ಬಾಯಿಗೆ ಹಾಕಿಕೊಂಡು ತಡೆದಳು. ಆಮೇಲೆ ಕೊರಳಲ್ಲಿದ್ದ ಟೇಪು ತೆಗೆದು, ಮೇಜನ್ನು ಉದ್ದಕ್ಕೆ ಅಳೆದು, ಸರಿಯಾಗಿ ನಡುವೆ ಸೀಮೆಸುಣ್ಣದಿಂದ ಒಂದು ಗೆರೆ ಎಳೆದಳು.

"ಅರ್ಧ ಬೆಲೆಗೆ ಅರ್ಧ ಮೇಜು," ಅಂದಳು. "ಕಂಪ್ಯೂಟರ್ ಸ್ವಲ್ಪ ಆ ಕಡೆ ಸರಿಸ್ಕೊಳ್ರೀ."