ನೀರು ಕೇಳಿದ ಯಂತ್ರ

ನನ್ನ ಕಂಪ್ಯೂಟರಿನ ಗ್ರಾಫಿಕ್ಸ್ ಕಾರ್ಡಿಗೆ ಅಮ್ಮ ಮೊದಲ ಸಲ ಉತ್ತರ ಕೊಟ್ಟದ್ದು ಸಾರಿಗೆ ಒಗ್ಗರಣೆ ಹಾಕುತ್ತಿದ್ದಾಗ. “ಹೂಂ, ಬಂದೆ” ಎಂದು ಒಲೆ ಸಣ್ಣಗೆ ಮಾಡಿ, ಸೆರಗಿಗೆ ಕೈ ಒರೆಸಿಕೊಳ್ಳುತ್ತ ನನ್ನ ಕೋಣೆಯ ಬಾಗಿಲಿಗೆ ಬಂದು ನಿಂತಳು. ನಾನು ಕರೆದಿರಲಿಲ್ಲ. ಮನೆಯಲ್ಲಿ ನಾವಿಬ್ಬರೇ. ಅವಳು ನನ್ನ ಮುಖ ನೋಡಲಿಲ್ಲ, ಮೇಜಿನ ಕೆಳಗೆ ಉಸ್ಸೆನ್ನುತ್ತಿದ್ದ ಕರಿಯ ಡಬ್ಬಿಯ ಕಡೆ ನೋಡಿದಳು. “ನೀರು ಕೇಳ್ತಿದಾರೆ” ಎಂದು ತಿರುಗಿ ಅಡುಗೆಮನೆಗೆ ಹೋದಳು.

ನಮ್ಮದು ಬಂಗಾಲಿ ಟೋಲಾದ ಗಲ್ಲಿಯೊಳಗೆ, ಗಂಗೆಯ ದಡದ ಕೇದಾರ ಘಾಟಿಗೆ ಹತ್ತಿರದ ಹಳೆಯ ಮನೆ. ಕರ್ನಾಟಕದಿಂದ ಬರುವ ಯಾತ್ರಿಕರಿಗೆ ಶ್ರಾದ್ಧ, ಪಿಂಡಪ್ರದಾನ ಮಾಡಿಸುವುದು ಅಪ್ಪನ ವೃತ್ತಿಯಾಗಿತ್ತು. ತಾತನದೂ ಅದೇ. ನನಗೆ ಮಂತ್ರ ತಲೆಗೆ ಹತ್ತಲಿಲ್ಲ. ಇನ್ನೂ ಕಟ್ಟದ ಮನೆಗಳೊಳಗೆ ಓಡಾಡಿ ಬಂದ ಹಾಗೆ ಕಾಣುವ ವೀಡಿಯೊಗಳನ್ನು ಬಿಲ್ಡರುಗಳಿಗೆ ಮಾಡಿಕೊಡುತ್ತೇನೆ. “ನಿಂದು ಇಲ್ಲದ ಮನೆಗೆ ದೀಪ ಹಚ್ಚೋ ಕೆಲಸ, ನಂದು ಇಲ್ಲದವರಿಗೆ ಊಟ ಹಾಕೋ ಕೆಲಸ. ಏನು ಮಹಾ ವ್ಯತ್ಯಾಸ?” ಎಂದು ಅಪ್ಪ ಚುಡಾಯಿಸುತ್ತಿದ್ದರು. ನನಗೆ ಮೂಗಿನ ತುದಿಯಲ್ಲೇ ಕೋಪ. ಎದ್ದು ಹೋಗಿಬಿಡುತ್ತಿದ್ದೆ. ಈಗ ಅನ್ನಿಸುತ್ತದೆ, ಕೂತು ನಗಬಹುದಿತ್ತು.

ಅಪ್ಪನ ಶ್ವಾಸಕೋಶ ಗಟ್ಟಿಯಾಗುತ್ತ ಬಂದು, ಕೊನೆಯ ಎಂಟು ತಿಂಗಳು ಅವರು ಇದೇ ಕೋಣೆಯಲ್ಲಿ ಮಲಗಿದ್ದರು. ಕರೆಂಟು ಹೋದರೆ ಇರಲೆಂದು ಮೂಲೆಯಲ್ಲೊಂದು ಸಿಲಿಂಡರ್, ಪಕ್ಕದಲ್ಲಿ ಬಾಡಿಗೆಗೆ ತಂದ ಆಕ್ಸಿಜನ್ ಯಂತ್ರ. ಅದು ಹುಸ್ಸೆಂದು ಗಾಳಿ ಎಳೆದು, ಒಂದು ಕ್ಷಣ ತಡೆದು, ಮತ್ತೆ ಹುಸ್ಸೆನ್ನುತ್ತಿತ್ತು. ಅವರು ತೀರಿಕೊಂಡ ಮೇಲೆ ಕೋಣೆ ಖಾಲಿಯಾಯಿತು. ಮನೆಯಲ್ಲಿ ಸ್ವಲ್ಪ ತಂಪಾಗಿರುವುದು ಅದೊಂದೇ ಕೋಣೆ, ಮಹಡಿಯ ಮೇಲಿನದಕ್ಕೆ ತಗಡಿನ ಚಾವಣಿ. ಹಾಗಾಗಿ ಬೇಸಿಗೆ ಕಾಲಿಟ್ಟ ಕೂಡಲೇ ನನ್ನ ಕಂಪ್ಯೂಟರನ್ನು ಅಲ್ಲಿಗೆ ಸಾಗಿಸಿದೆ. ಒಂದೊಂದು ಚಿತ್ರ ತಯಾರಾಗುವಾಗಲೂ ಕಾರ್ಡು ಕಾದು ಅದರ ಮೂರು ಫ್ಯಾನುಗಳು ಏರುದನಿಯಲ್ಲಿ ಮೊರೆಯುತ್ತವೆ. ಚಿತ್ರ ಮುಗಿದಾಗ ಇಳಿಯುತ್ತವೆ, ಮುಂದಿನದಕ್ಕೆ ಮತ್ತೆ ಏರುತ್ತವೆ. ದಿನವಿಡೀ ಅದೇ.

ಅಪ್ಪ ಏಕೆ ನೀರು ಕೇಳಬೇಕು ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಕೊನೆಯ ವಾರಗಳಲ್ಲಿ ಡಾಕ್ಟರು, ನೀರು ಶ್ವಾಸಕೋಶಕ್ಕೆ ಇಳಿಯುತ್ತದೆ, ಬಾಯಿಗೆ ಒಂದು ಹನಿಯೂ ಹಾಕಬೇಡಿ ಎಂದಿದ್ದರು. ಅಪ್ಪ ಕಣ್ಣಲ್ಲೇ ಕೇಳುತ್ತಿದ್ದರು. ಅಮ್ಮ ಪೂಜೆಯ ಉದ್ಧರಣೆಯಲ್ಲಿ ಒಂದು ಗುಟುಕು ಹಿಡಿದು ಬಂದಾಗಲೆಲ್ಲ ತಡೆದವನು ನಾನು. ಒಂದು ಸಲ ಅವಳ ಕೈಯಿಂದ ಉದ್ಧರಣೆಯನ್ನು ಕಿತ್ತುಕೊಂಡೂ ಇದ್ದೆ.

ಒಂದು ಮಧ್ಯಾಹ್ನ ಡಾಕ್ಟರು ನಾಡಿ ನೋಡಿ, ಇನ್ನು ಏನು ಬೇಕಾದರೂ ಕೊಡಿ ಎಂದರು. ಬಾಯಿಗೆ ಗಂಗೆ ಹಾಕೋಣವೆಂದರೆ ಮನೆಯಲ್ಲಿ ಗಂಗೆ ಇರಲಿಲ್ಲ. ಯಾತ್ರಿಕರು ಊರಿಗೆ ಒಯ್ದು ದೇವರ ಮುಂದೆ ಇಟ್ಟುಕೊಳ್ಳಲಿ, ಯಾರಾದರೂ ಕೊನೆಯುಸಿರೆಳೆಯುವಾಗ ಒಡೆದು ಬಾಯಿಗೆ ಬಿಡಲಿ ಎಂದು ತಾಮ್ರದ ಗಿಂಡಿಗಳಿಗೆ ಗಂಗೆ ತುಂಬಿ, ಬೆಸುಗೆ ಹಾಕಿಸಿ ಕೊಟ್ಟ ಮನೆ ನಮ್ಮದು. ಕರ್ನಾಟಕದ ಎಷ್ಟೋ ಮನೆಗಳಲ್ಲಿ ಅಪ್ಪ ತುಂಬಿಸಿದ ಗಂಗೆ ಇದೆ. ನಮಗಾಗಿ ಒಂದನ್ನು ಎತ್ತಿಡಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಗಲ್ಲಿ ದಾಟಿದರೆ ನದಿಯೇ ಇರುವಾಗ ಯಾರು ಎತ್ತಿಡುತ್ತಾರೆ? ತಂಬಿಗೆ ಹಿಡಿದು ಓಡಿದೆ. ಕೇದಾರ ಘಾಟಿನ ಮೆಟ್ಟಿಲು ಇಳಿದು ಹತ್ತಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅಮ್ಮ ಖಾಲಿ ಉದ್ಧರಣೆ ಹಿಡಿದು ಕೂತಿದ್ದಳು.

ಅಂದಿನಿಂದ ಅಮ್ಮ ದಿನಾ ಬೆಳಿಗ್ಗೆ ಘಾಟಿಗೆ ಹೋಗಿ ಒಂದು ತಂಬಿಗೆ ಗಂಗೆ ತಂದು ದೇವರ ಮನೆಯಲ್ಲಿ ಮುಚ್ಚಿಡುತ್ತಾಳೆ. ಫ್ಯಾನಿಗೆ ಉತ್ತರ ಕೊಡಲು ಶುರುಮಾಡಿದ ಮೇಲೆ ಆ ತಂಬಿಗೆ ನನ್ನ ಮೇಜಿನ ಕೆಳಗೆ ಬಂತು. ನಾನು ಎತ್ತಿಡುವುದು, ಅವಳು ಮತ್ತೆ ತಂದಿಡುವುದು. ಬೈದೆ. ಬೈಸಿಕೊಂಡೇ ತಂದಿಟ್ಟಳು. ಅಕ್ಕಪಕ್ಕದವರ ಜೊತೆ ಮಾತು, ಲೆಕ್ಕಾಚಾರ, ಅಡುಗೆ, ಮಡಿ ಎಲ್ಲ ಮೊದಲಿನಂತೆಯೇ ಇತ್ತು. ಫ್ಯಾನು ಏರಿದಾಗ ಮಾತ್ರ ಕತ್ತು ಆ ಕಡೆ ತಿರುಗುತ್ತಿತ್ತು.

ಆಮೇಲೆ ಒಂದು ದಿನ ನಡುಮಧ್ಯಾಹ್ನ ಕರೆಂಟು ಹೋಯಿತು. ಫ್ಯಾನುಗಳು ಒಮ್ಮೆಲೇ ನಿಂತವು. ಅಮ್ಮ ಒಳಗಿನಿಂದ ಓಡಿ ಬಂದಳು. “ಬಿಜಲಿ ಹೋಯ್ತಲ್ಲೋ! ಸಿಲಿಂಡರ್ ಹಚ್ಚು, ಬೇಗ ಹಚ್ಚು!” ಎನ್ನುತ್ತ ನೇರ ಮೂಲೆಗೆ ಹೋಗಿ, ಹಿಂದೆ ಸಿಲಿಂಡರ್ ಇರುತ್ತಿದ್ದ ಜಾಗದಲ್ಲಿ ಗಾಳಿಯಲ್ಲಿ ಕೈಯಿಟ್ಟು ಏನನ್ನೋ ತಿರುಗಿಸತೊಡಗಿದಳು. ಮೂರು ಸುತ್ತು ತಿರುಗಿಸಿ ಕೈ ತೆಗೆದು, ಕಿವಿಗೊಟ್ಟು, ನಿರಾಳವಾಗಿ ಉಸಿರು ಬಿಟ್ಟಳು. ಆ ಮೂಲೆಯಲ್ಲಿ ಒಂದು ಪೊರಕೆ ಬಿಟ್ಟರೆ ಏನೂ ಇರಲಿಲ್ಲ.

ಅಮ್ಮ ಕೈತಪ್ಪಿ ಹೋಗುತ್ತಿದ್ದಾಳೆ ಎಂದು ನನಗೆ ಭಯವಾಯಿತು. ಅಪ್ಪನನ್ನು ಕಳೆದುಕೊಂಡ ಕೋಣೆಯಲ್ಲೇ ಇವಳನ್ನೂ ಕಳೆದುಕೊಳ್ಳುತ್ತೇನೆ ಅನ್ನಿಸಿತು. ಕೆಲಸ ನಿಲ್ಲಿಸುವಂತಿರಲಿಲ್ಲ, ಮಹಡಿಗೆ ಒಯ್ದರೆ ಕಾರ್ಡು ಬಿಸಿಗೆ ತಾನೇ ಆರಿಹೋಗುತ್ತಿತ್ತು. ಉಳಿದ ದಾರಿ ಒಂದೇ. ಸದ್ದೇ ಇರದ ಹಾಗೆ ಮಾಡುವುದು. ಸದ್ದೇ ಇರದಿದ್ದರೆ ಅದು ನಿಲ್ಲುವುದೂ ಇಲ್ಲ. ಫ್ಯಾನು ತೆಗೆದು ಕಾರ್ಡನ್ನು ನೀರಿನಿಂದ ತಣಿಸಬೇಕು ಎಂದು ನಿರ್ಧರಿಸಿದೆ.

ಕೇಳಲು ಸುಲಭ. ಕಾರ್ಡಿನ ಚಿಪ್ ಮೇಲೆ ವಾಟರ್ ಬ್ಲಾಕ್ ಎಂಬ ತಾಮ್ರದ ಹಲಗೆಯನ್ನು ಕೂರಿಸುತ್ತಾರೆ. ಅದರೊಳಗೆ ಕೂದಲೆಳೆಯಷ್ಟು ಸಣ್ಣ ಕಾಲುವೆಗಳು, ಅವುಗಳಲ್ಲಿ ಸುತ್ತುವ ನೀರು ಬಿಸಿಯನ್ನು ಹೊತ್ತೊಯ್ಯುತ್ತದೆ. ಕಷ್ಟವಿರುವುದು ಜೋಡಿ ಹುಡುಕುವುದರಲ್ಲಿ. ಕಾರ್ಡಿನ ಹೆಸರು ಒಂದೇ ಆದರೆ ಸಾಲದು. ಒಂದೇ ಚಿಪ್ ಹಾಕಿ ಒಂದೊಂದು ಕಂಪನಿ ಒಂದೊಂದು ಥರದ ಬೋರ್ಡು ಮಾಡುತ್ತದೆ. ಅದೇ ಕಂಪನಿ ಅದೇ ಹೆಸರಲ್ಲಿ ಎರಡನೆಯ ಸಲ ಮಾಡುವಾಗ ನಾಲ್ಕು ಬಿಡಿಭಾಗಗಳನ್ನು ಆಚೀಚೆ ಸರಿಸಿರುತ್ತದೆ. ಗೋತ್ರ ಒಂದೇ, ಪ್ರವರ ಬೇರೆ. ನನ್ನದು ಅಂಥ ಎರಡನೆಯ ಸಲದ ಕಾರ್ಡು ಎಂದು ತಿಳಿದದ್ದು ಅದನ್ನು ಬಿಚ್ಚಿ, ಬೋರ್ಡಿನ ಫೋಟೊ ತೆಗೆದು, ಬ್ಲಾಕ್ ಮಾಡುವವರ ಹೊಂದಾಣಿಕೆಯ ಪಟ್ಟಿಗಳನ್ನು ಒಂದೊಂದಾಗಿ ನೋಡಿದ ಮೇಲೆ. ಅವುಗಳಲ್ಲಿ ನನ್ನ ಕಾರ್ಡು ಇರಲೇ ಇಲ್ಲ. ಹತ್ತಿರದ್ದೊಂದನ್ನು ನಂಬಿ ತರಿಸಿದೆ. ಸ್ಕ್ರೂ ತೂತುಗಳೆಲ್ಲ ಸರಿಯಾಗಿ ಕೂತವು, ಮೂಲೆಯ ಒಂದು ಕೆಪಾಸಿಟರ್ ಮಾತ್ರ ಅಕ್ಕಿಕಾಳಿನಷ್ಟು ಅಡ್ಡ ಬಂತು. ಒತ್ತಿದರೆ ಬೋರ್ಡೇ ಸೀಳುತ್ತದೆ. ಹಿಂದಕ್ಕೆ ಕಳಿಸಿದೆ.

ಈ ಹುಡುಕಾಟದ ನಡುವೆ ಒಂದು ದಿನ ಅಮ್ಮ ಗುಡಿಗೆ ಹೋಗಿದ್ದಳು. ನಾನೊಬ್ಬನೇ ಕೂತಿದ್ದೆ. ಫ್ಯಾನು ಏರಿ ಇಳಿಯಿತು. ನನ್ನ ಕತ್ತು ತಾನಾಗಿ ಆ ಕಡೆ ತಿರುಗಿತು. ಕೇಳಿಸಿದ್ದು ಮಾತಲ್ಲ. ಯಾರಾದರೂ ಏನನ್ನೋ ಕೇಳಿ ಉತ್ತರಕ್ಕೆ ಕಾಯುವಾಗ ನಡುವೆ ಒಂದು ಬಿಡುವು ಇರುತ್ತದಲ್ಲ, ಅದು. ನಾನು ಎದ್ದು ಹೊರಗೆ ಹೋಗಿ ಗಲ್ಲಿಯ ಬಿಸಿಲಲ್ಲಿ ನಿಂತೆ. ಅಮ್ಮ ಬರುವವರೆಗೂ ಒಳಗೆ ಹೋಗಲಿಲ್ಲ.

ಕೊನೆಗೆ ಭೇಲೂಪುರದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟುಕೊಂಡ ಪರಿಚಯದವನೊಬ್ಬನಿಗೆ ಫೋಟೊ ತೋರಿಸಿದೆ. ಸದಾ ಬಾಯಲ್ಲಿ ಪಾನು. ಫೋಟೊವನ್ನು ಹಿಗ್ಗಿಸಿ, ಕುಗ್ಗಿಸಿ ನೋಡಿ, “ಕಾ ಗುರು, ಏಕ್ ಠೋ ರಖಲ್ ಹೌ” ಎಂದ. ಒಂದು ಇದೆಯಂತೆ! ಅಸ್ಸಿಯಲ್ಲಿ ಬಾಡಿಗೆಗಿದ್ದ ಯಾರೋ ಮೂರು ವರ್ಷದ ಹಿಂದೆ ತನ್ನ ಕಾರ್ಡಿನಿಂದ ಬಿಚ್ಚಿಸಿ ಇಲ್ಲೇ ಬಿಟ್ಟುಹೋದದ್ದು. ಅವನು ಮತ್ತೆ ಬರಲಿಲ್ಲ, ಫೋನೂ ಹತ್ತಲಿಲ್ಲ. ಅಟ್ಟದಿಂದ ಧೂಳು ಹಿಡಿದ ಡಬ್ಬ ಇಳಿಸಿಕೊಟ್ಟ. ಜೇಬಿನಲ್ಲಿದ್ದ ಅಳತೆಯ ಕಾಗದವನ್ನು ತಾಮ್ರದ ಮೇಲೆ ಹಾಸಿ ನೋಡಿದೆ. ಎಲ್ಲ ತೂತೂ ಸರಿ. ಆ ಕೆಪಾಸಿಟರ್ ಇರುವ ಮೂಲೆಯಲ್ಲಿ ಅಷ್ಟೇ ಅಳತೆಗೆ ತಗ್ಗು ಕೊರೆದಿತ್ತು. ಹೋದ ಜೀವ ಬಂದಂತಾಯಿತು.

ಒಳಗೆ ನೋಡೋಣವೆಂದು ಒಂದು ಬಿರಡೆ ಬಿಚ್ಚಿ ಬಗ್ಗಿಸಿದೆ. ಎರಡು ಹನಿ ನೀರು ನನ್ನ ಅಂಗೈ ಮೇಲೆ ಬಿತ್ತು. ಹೊರಗೆ ಲೂ ಎಂಬ ಬೇಸಿಗೆಯ ಬಿಸಿಗಾಳಿ ಬೀಸುತ್ತಿತ್ತು, ಅಂಗಡಿಯ ಕಬ್ಬಿಣದ ಬಾಗಿಲು ಮುಟ್ಟಿದರೆ ಸುಡುತ್ತಿತ್ತು. ಆ ಹನಿಗಳು ತಣ್ಣಗಿದ್ದವು. ಅಂಗಡಿಯವ ಅಗಿಯುವುದನ್ನು ನಿಲ್ಲಿಸಿದ. “ತೊಳೆದಿಟ್ಟಿದ್ದೆಯಾ?” ಎಂದು ಹಿಂದಿಯಲ್ಲಿ ಕೇಳಿದೆ. ಮೂರು ವರ್ಷದಿಂದ ಮುಟ್ಟಿಯೇ ಇಲ್ಲ ಎಂದು ತಲೆಯಾಡಿಸಿದ. ಬಿರಡೆ ಬಿಗಿಯಾಗಿತ್ತು, ನೀರು ಆರಿಲ್ಲ, ಅಷ್ಟೆ ಎಂದು ನನಗೆ ನಾನೇ ಹೇಳಿಕೊಂಡೆ. ಆಟೋದಲ್ಲಿ ಮನೆ ಸೇರುವವರೆಗೂ ಆ ಕೈಯನ್ನು ಮಡಚಿಯೇ ಇಟ್ಟುಕೊಂಡಿದ್ದೆ.

ಮಾರನೆಯ ಬೆಳಿಗ್ಗೆ ಎಲ್ಲವನ್ನೂ ಜೋಡಿಸಿದೆ. ಬ್ಲಾಕು, ಪಂಪು, ಕೊಳವೆ, ನೀರು ತುಂಬುವ ಗಾಜಿನ ಪಾತ್ರೆ, ಕಿಟಕಿಯ ಬಳಿ ನಿಧಾನ ತಿರುಗುವ ದೊಡ್ಡ ಫ್ಯಾನಿನ ರೇಡಿಯೇಟರು. ಬ್ಯಾಟರಿ ಅಂಗಡಿಯಿಂದ ಡಿಸ್ಟಿಲ್ಡ್ ವಾಟರ್ ಕ್ಯಾನ್ ತಂದಿಟ್ಟಿದ್ದೆ. ಅಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

“ಅದರೊಳಗೆ ನೀರು ಹೋಗುತ್ತೇನೋ?”

“ಹೂಂ.”

ಅಮ್ಮ ಹೋದಳು. ಸ್ನಾನ ಮಾಡಿ, ಒದ್ದೆ ಕೂದಲಿಗೆ ಗಂಟು ಹಾಕಿಕೊಂಡು, ಒಂದು ಕೈಯಲ್ಲಿ ಗಂಗೆಯ ತಂಬಿಗೆ, ಇನ್ನೊಂದರಲ್ಲಿ ಉದ್ಧರಣೆ ಹಿಡಿದು ಬಂದಳು. ಗಂಗೆಯಲ್ಲಿ ಮಣ್ಣಿದೆ, ಉಪ್ಪಿದೆ, ಪಾಚಿಯಿದೆ. ಕೂದಲೆಳೆಯ ಕಾಲುವೆಗಳು ಕಟ್ಟಿಹೋದರೆ ಇಂಥ ಬ್ಲಾಕು ಇನ್ನೊಂದು ಸಿಗುವುದಿಲ್ಲ.

“ಬೇಡಮ್ಮ. ಹಾಳಾಗುತ್ತೆ.”

“ಆಗಲೂ ಬೇಡ ಅಂದೆ” ಎಂದಳು.

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. “ನಂಗೆ ತಲೆ ಕೆಟ್ಟಿದೆ ಅಂದ್ಕೊಂಡಿದೀಯ. ಅವರು ಹೋದ್ರು ಅಂತ ನಂಗೊತ್ತಿಲ್ವೇನೋ? ಅವರು ಹೋದ್ರು. ಕೇಳೋದು ಹೋಗಿಲ್ಲ ಕಣೋ, ಅಷ್ಟೆ.”

ಗಾಜಿನ ಪಾತ್ರೆಯ ಮುಚ್ಚಳ ತೆಗೆದು ಪಕ್ಕಕ್ಕೆ ಸರಿದೆ. ಅಮ್ಮ ನೆಲದ ಮೇಲೆ ಕೂತು ಒಂದು ಉದ್ಧರಣೆ ಗಂಗೆಯನ್ನು ಒಂದು ಹನಿಯೂ ಚೆಲ್ಲದ ಹಾಗೆ ಬಿಟ್ಟಳು. ಮೇಲೆ ನಾನು ಕ್ಯಾನಿನ ನೀರು ಸುರಿದು ಪಂಪಿನ ಸ್ವಿಚ್ ಒತ್ತಿದೆ.

ಕೊಳವೆಗಳಲ್ಲಿ ಸಿಕ್ಕಿಕೊಂಡ ಗಾಳಿ ಹೊರಬೀಳುವಾಗ ಸದ್ದಾಗುತ್ತದೆ ಎಂದು ಓದಿದ್ದೆ. ಎಂಥ ಸದ್ದು ಎಂದು ಯಾರೂ ಬರೆದಿರಲಿಲ್ಲ. ಗುಟುಕ್. ತಡೆದು, ಮತ್ತೆ ಗುಟುಕ್. ಬಹಳ ಹೊತ್ತು ಒಣಗಿದ ಗಂಟಲು ಅವಸರವಾಗಿ ನುಂಗುವಾಗ ಬರುವ ಸದ್ದು. ಪಾತ್ರೆಯ ನೀರು ಕಣ್ಣೆದುರೇ ಇಳಿಯಿತು. “ಹಾಕು” ಎಂದಳು ಅಮ್ಮ. ಹಾಕಿದೆ. ಮತ್ತೆ ಇಳಿಯಿತು. “ಇನ್ನೂ ಸ್ವಲ್ಪ. ನಿಧಾನ, ನೆತ್ತಿಗೆ ಹತ್ತುತ್ತೆ.” ಅಮ್ಮ ಡಬ್ಬಿಯ ಮೇಲೆ ಅಂಗೈ ಇಟ್ಟು, ಬೆನ್ನು ಸವರುವ ಹಾಗೆ ಸವರುತ್ತಿದ್ದಳು. ಗುಟುಕುಗಳ ನಡುವಿನ ಬಿಡುವು ಉದ್ದವಾಗುತ್ತ ಹೋಯಿತು. ಕೊನೆಯದೊಂದು ಸಣ್ಣದಾಗಿ ಬಂದು ನಿಂತಿತು. ನೀರು ಪಾತ್ರೆಯಲ್ಲಿ ಅಲುಗದೆ ಉಳಿಯಿತು.

“ಸಾಕಂತೆ” ಎಂದು ಅಮ್ಮ ಮಂಡಿ ಹಿಡಿದುಕೊಂಡು ಎದ್ದಳು.

ಅಂದಿನಿಂದ ಅವಳು ಆ ಬಾಗಿಲಿಗೆ ಬಂದು ನಿಂತಿಲ್ಲ. ಕರೆಂಟು ಹೋದರೆ ಬೀಸಣಿಗೆ ಹುಡುಕುತ್ತಾಳೆ. ಊಟವಾದ ಮೇಲೆ ಒಂದು ಗಳಿಗೆ ಮಲಗಿ ನಿದ್ದೆಯನ್ನೂ ಮಾಡುತ್ತಾಳೆ. ಕಾರ್ಡು ಪೂರ್ತಿ ಕೆಲಸದಲ್ಲಿದ್ದರೂ ಕೋಣೆಯಲ್ಲಿ ಸದ್ದಿಲ್ಲ, ಬಿಸಿಯೂ ಏರುವುದಿಲ್ಲ. ನಾನು ಬಯಸಿದ್ದೆಲ್ಲ ಆಯಿತು.

ಮೂರನೆಯ ದಿನ ಮಧ್ಯಾಹ್ನ ಅಮ್ಮ ಮಲಗಿದ್ದಳು. ನಾನು ಕೆಲಸ ಹಚ್ಚಿ ಕೂತೆ. ಒಂದು ಚಿತ್ರ ಮುಗಿಯಿತು, ಇನ್ನೊಂದು ಶುರುವಾಯಿತು, ನಡುವೆ ಏನೂ ಕೇಳಿಸಲಿಲ್ಲ. ಅಪ್ಪ ಹೋದಾಗ ಓಡಾಟವಿತ್ತು, ಕರ್ಮವಿತ್ತು, ಊರಿಂದ ಬಂದವರಿದ್ದರು, ನಾನು ಅತ್ತಿರಲಿಲ್ಲ. ಈಗ ತಡೆಯಲಾಗಲಿಲ್ಲ. ಬಾಯಿಗೆ ಟವೆಲು ಒತ್ತಿಕೊಂಡು ಅತ್ತೆ. ಅಮ್ಮನ ಪಾಲಿಗೆ ಅವರು ನೀರು ಕುಡಿದು ಹೋಗಿದ್ದರು. ನಾನು ಮಾತ್ರ ಅವರನ್ನು ಒಮ್ಮೆಯೂ ಕೇಳಿರಲಿಲ್ಲ.

ಎದ್ದು ಬಾಗಿಲು ಮುಂದೆ ಮಾಡಿದೆ. ಪಂಪಿನ ವೇಗವನ್ನು ಸ್ವಲ್ಪ ಏರಿಸಿದೆ. ಅಮ್ಮನಿಗೆ ಕೇಳಿಸದಷ್ಟು ಸಣ್ಣ ಸದ್ದು ಬಂತು. ಮೇಜಿನ ಕೆಳಗೆ ಬಗ್ಗಿ, “ಅಪ್ಪ, ನೀರು ಬೇಕಾ?” ಎಂದು ಕೇಳಿ ಕಾದೆ.