ಬಲಗಡೆಯಿಂದ ಬರೆದ ಇಪ್ಪತ್ನಾಲ್ಕು ಪದ

ಬೆಳಗಿನ ಐದೂವರೆ. ರಾಯಚೂರಿನ ತೀನ್ ಕಂದೀಲ್ ಹತ್ತಿರದ ಪಾತ್ರೆ ಅಂಗಡಿಗಳ ಷಟರ್ ಇನ್ನೂ ಮೇಲೇರಿಲ್ಲ. ಒಂದು ಅಂಗಡಿಯ ಕಟ್ಟೆಯ ಮೇಲೆ ಮಾತ್ರ ಜೀರುಂಡೆ ಕೂಗಿದಂಥ ಸದ್ದು. ಬುರ್ಖಾದ ತೋಳನ್ನು ಮೊಣಕೈವರೆಗೆ ಮಡಚಿಕೊಂಡ ಕುಬ್ರಾ ಬೇಗಂ ತೊಡೆಯ ಮೇಲೆ ಸ್ಟೀಲ್ ಕೊಡ ಇಟ್ಟುಕೊಂಡು, ಕರೆಂಟಿನ ಸೂಜಿ ಮಷಿನ್ನಿನಿಂದ ಅದರ ಮೇಲೆ ಮದುಮಗಳ ಹೆಸರು ಬರೆಯುತ್ತಿದ್ದಾರೆ. ಎಂಟಕ್ಕೆ ಈ ಮದುವೆ ಪಾತ್ರೆ ಒಯ್ಯುವ ದೇವದುರ್ಗದ ಗಾಡಿ ಹೊರಡುತ್ತದೆ. ಇನ್ನೂ ಅರವತ್ತು ಪಾತ್ರೆ ಬಾಕಿ ಇವೆ.

ನಮ್ಮ ಮನೆಯ ಅರ್ಧಕ್ಕರ್ಧ ಲೋಟ, ತಟ್ಟೆಗಳ ಮೇಲೆ ಅಜ್ಜಿಯ ಹೆಸರಿದೆ. ಅದನ್ನು ಬರೆದ ಕೈ ಯಾರದೆಂದು ನಾನು ಒಂದು ದಿನವೂ ಕೇಳಿದವನಲ್ಲ. ಅದನ್ನೇ ಪತ್ರಿಕೆಗೆ ಬರೆಯೋಣ, ಒಂದು ಚಹಾ, ಎರಡು ಪುಟ ಟಿಪ್ಪಣಿ, ಒಂದು ಫೋಟೊ, ಒಂಬತ್ತಕ್ಕೆ ಮನೆ ಎಂದುಕೊಂಡು ಬಂದಿದ್ದೇನೆ. ಆ ಮೇಲೆ ಆದದ್ದು ಬೇರೆ.

ಕುಬ್ರಾ ಬೇಗಂಗೆ ಐವತ್ತೆಂಟು. ಈ ಕಟ್ಟೆ, ಈ ಮಷಿನ್ನು ಎರಡೂ ಗಂಡ ಮಹಮ್ಮದ್ ಹುಸೇನರದ್ದು. ಹನ್ನೊಂದು ವರ್ಷದ ಹಿಂದೆ ಅವರು ತೀರಿಕೊಂಡರು. "ನಮ್ಮವ್ರು ಹೋಗಿ ನಲವತ್ತು ದಿನಕ್ಕ ಅಂಗಡಿ ಹಂಪಣ್ಣನೋರು ಮಷಿನ್ ಮನಿಗಿ ಕಳಿಸಿದ್ರು, ಮಾರಕೊಳ್ರಿ ಅಂತ. ಮಾರೋದ್ಯಾಕ್ರೀ, ನಾನೇ ಕುಂದರ್ತೀನಿ ಅಂದೆ. ಮನ್ಯಾಗಿನ ಚಮಚಾ, ತಾಟು ಎಲ್ಲಾದರ ಮ್ಯಾಲೂ ಬರದು ಬರದು ಕಲ್ತೆ. ಈಗ ನಮ್ಮನ್ಯಾಗ ಖಾಲಿ ಚಮಚಾ ಒಂದೂ ಇಲ್ಲ," ಎಂದು ನಗುತ್ತಾರೆ.

ಸುಮ್ಮನಿರುವ ದಿನ ನಲವತ್ತು ಪಾತ್ರೆ, ಮದುವೆ ಸುಗ್ಗಿಯಲ್ಲಿ ಇನ್ನೂರು. ಸಂಜೆ ಹೊತ್ತಿಗೆ ಬೆರಳು ಜುಮ್ಮೆನ್ನುತ್ತವೆ, ರೊಟ್ಟಿ ಬಡಿಯಲು ಕೂತರೆ ಅಂಗೈ ತಾನಾಗಿಯೇ ನಡುಗುತ್ತದೆ. ಓದಿದ್ದು ಗಬ್ಬೂರಿನ ಉರ್ದು ಶಾಲೆಯಲ್ಲಿ ಐದನೆಯವರೆಗೆ. ಕನ್ನಡ ಕಲಿಸಿದ್ದು ಪಾತ್ರೆಗಳೇ. ಇಂಗ್ಲಿಷ್ ಮಾತ್ರ ಇವತ್ತಿಗೂ ಓದಲು ಬಾರದು. "ಗೆರಿ ನೋಡಿ ಗೆರಿ ಎಳಿತೀನ್ರಿ. ಅದೇನಂತ ನನಗೇನು ಗೊತ್ತು?"

ಆರು ದಾಟುತ್ತಿದೆ. ಮಾನ್ವಿ ಕಡೆಯ ಮೊದಲ ಬಸ್ಸಿಳಿದ ಇಪ್ಪತ್ತೆಂಟರ ಆಸುಪಾಸಿನ ಹುಡುಗಿಯೊಬ್ಬಳು ಓಡೋಡಿ ಬಂದು ಕಟ್ಟೆ ಹಿಡಿದು ನಿಲ್ಲುತ್ತಾಳೆ. ಹೆಸರು ಮಲ್ಲೇಶ್ವರಿ. ಕೈಯಲ್ಲಿ ಬೆರಳಗಲದ ಉದ್ದನೆಯ ಸ್ಟೀಲ್ ಪಟ್ಟಿ, ಅದರ ಮೇಲೆ ಒಂದರ ಕೆಳಗೊಂದು ಸಣ್ಣ ಸಣ್ಣ ಇಂಗ್ಲಿಷ್ ಪದಗಳು.

"ಯವ್ವಾ, ಇದನ್ನ ಬರದವ್ರು ನೀವ ಹೌದಲ್ರಿ? ಏನೋ ತಪ್ಪಾಗ್ಯಾದ್ರಿ. ನನ್ನ ರೊಕ್ಕೆಲ್ಲಾ ಹೋತ್ರಿ!"

ನಾನು ಆಕೆಯನ್ನು ಕೂರಿಸಿ ಚಹಾ ಕುಡಿಸುತ್ತೇನೆ. ಮಲ್ಲೇಶ್ವರಿ ಮಾನ್ವಿಯ ಬಾಡಿಗೆ ಕೋಣೆಯಲ್ಲಿ ಕೂತು ಹೊರದೇಶದವರಿಗೆ ಮನೆಯ ನಕ್ಷೆ ಬಿಡಿಸಿಕೊಡುತ್ತಾಳೆ. ಅವರು ಕೂಲಿ ಕೊಡುವುದು ಬ್ಯಾಂಕಿಲ್ಲದೆ ಇಂಟರ್ನೆಟ್ಟಿನಲ್ಲೇ ಓಡಾಡುವ ಕ್ರಿಪ್ಟೊ ಕರೆನ್ಸಿಯಲ್ಲಿ. ಐದು ವರ್ಷದ ದುಡಿಮೆ ಕೂಡಿಸಿಟ್ಟು ಮಾನ್ವಿಯಲ್ಲೇ ಸ್ವಂತ ಕಚೇರಿ ತೆರೆಯುವ ಆಸೆ. ಫೋನಿನಲ್ಲಿಟ್ಟರೆ ಕಳ್ಳರು ಕದಿಯುತ್ತಾರೆಂದು ಹಾರ್ಡ್‌ವೇರ್ ವ್ಯಾಲೆಟ್ ತರಿಸಿದ್ದಾಳೆ. ಪೆನ್‌ಡ್ರೈವಿನಷ್ಟು ಗಾತ್ರದ ಈ ಯಂತ್ರ ಹಣದ ಬೀಗದ ಕೈಯನ್ನು ಇಂಟರ್ನೆಟ್ಟಿಗೆ ಸಿಗದಂತೆ ಒಳಗಿಟ್ಟುಕೊಳ್ಳುತ್ತದೆ. ಮೊದಲ ದಿನ ಇಪ್ಪತ್ನಾಲ್ಕು ಪದ ತೋರಿಸುತ್ತದೆ. ಯಂತ್ರ ಹಾಳಾದರೆ ಹೊಸದಕ್ಕೆ ಆ ಪದಗಳನ್ನು ಅದೇ ಸರದಿಯಲ್ಲಿ ಕೊಟ್ಟರೆ ಹಣ ವಾಪಸು. ಪದ ಕಳೆದರೆ ಯಾವ ಬ್ಯಾಂಕಿಗೂ ಹೋಗಿ ಅಳುವಂತಿಲ್ಲ. ಆ ಪದ ಇನ್ನೊಬ್ಬರ ಕೈಗೆ ಸಿಕ್ಕರೆ ಹಣವೂ ಅವರದೇ.

ಕಾಗದಕ್ಕೆ ಗೆದ್ದಲು ಹತ್ತೀತು, ಸ್ಟೀಲಿನ ಮೇಲಿದ್ದರೆ ಬೆಂಕಿಗೂ ಜಗ್ಗದು ಎಂದು ಎಲ್ಲೋ ಓದಿ ಕಳೆದ ವರ್ಷ ಈ ಕಟ್ಟೆಗೆ ಬಂದಿದ್ದಾಳೆ. ಗುಟ್ಟು ತಿಳಿಯಬಾರದೆಂದು ಚೀಟಿಯಲ್ಲಿ ಒಂದು, ಎರಡು ಎಂದು ಸಂಖ್ಯೆ ಹಾಕಿಲ್ಲ. ಚೀಟಿಯನ್ನು ಕುಬ್ರಾ ಬೇಗಂ ಕೈಗಿಟ್ಟು ಊಟಕ್ಕೆ ಹೋಗಿದ್ದಾಳೆ! ಬಂದು ಪಟ್ಟಿಯ ಮೇಲಿನ ಪದ ಎಣಿಸಿದ್ದಾಳೆ, ಇಪ್ಪತ್ನಾಲ್ಕಿವೆ, ಚೀಟಿಯನ್ನು ಪಕ್ಕದ ಚಹಾದ ಒಲೆಗೆ ಹಾಕಿ ಬಸ್ಸು ಹತ್ತಿದ್ದಾಳೆ. ಹಣ ಹಾಕುವ ಮೊದಲು ಯಂತ್ರವನ್ನೊಮ್ಮೆ ಅಳಿಸಿ, ಪಟ್ಟಿ ನೋಡಿ ಪದ ಕೊಟ್ಟು, ತೆರೆಯುತ್ತದೋ ಇಲ್ಲವೋ ಪರೀಕ್ಷಿಸಬೇಕಿತ್ತು. ಅದನ್ನು ಮಾಡಿಲ್ಲ. ಹೋದ ವಾರ ಚೂಡಿದಾರದ ಜೇಬಿನಲ್ಲಿದ್ದ ಯಂತ್ರ ಬಟ್ಟೆಯ ಜೊತೆ ಸೋಪಿನ ನೀರು ಸೇರಿದೆ. ಹೊಸದು ತರಿಸಿ ಪದ ಕೊಟ್ಟರೆ, ತಪ್ಪು ಎನ್ನುತ್ತದೆ. ಮೂರು ದಿನದಿಂದ ತಪ್ಪು, ತಪ್ಪು.

ಕೇಳುತ್ತ ಕುಬ್ರಾ ಬೇಗಂ ಮಷಿನ್ ಬಂದ್ ಮಾಡುತ್ತಾರೆ. "ಯಾ ಅಲ್ಲಾ! ಇಷ್ಟು ದೊಡ್ಡ ರೊಕ್ಕದ ಕೀಲಿ ನನ್ನ ಕೈಯಾಗ ಕೊಟ್ಟು ಉಣ್ಣಾಕ ಹೋಗಿದ್ಯಾ ಬೇಟಿ? ನಾ ಇಸ್ಕೂಲ್ ಪಾಠ ಅನ್ಕೊಂಡಿದ್ದೆ!"

ನನಗೆ ಸಿಟ್ಟು ಬಂದಿದೆ, ಆ ಹುಡುಗಿಯ ಮೇಲೆ. ಐದು ವರ್ಷದ ಬೆವರನ್ನು ಹೀಗೆ ಬೀದಿಯಲ್ಲಿ ಬಿಟ್ಟು ಹೋಗುವುದೇ?

ಕುಬ್ರಾ ಬೇಗಂ ಪಟ್ಟಿಯನ್ನು ನೋಡುವುದಿಲ್ಲ. ಬುರ್ಖಾದ ಅಂಚಿನಿಂದ ಅದನ್ನು ಮುಚ್ಚಿ ಕೇಳುತ್ತಾರೆ: "ನಿನ್ನ ಚೀಟಿ ಹೆಂಗಿತ್ತು? ಒಂದ ಸಾಲಾ, ಎರಡು ಸಾಲಾ?"

"ಎರಡು ರೀ. ಎಡಕ್ಕ ಹನ್ನೆರಡು, ಬಲಕ್ಕ ಹನ್ನೆರಡು."

ಅವರು ನನ್ನ ನೋಟ್‌ಬುಕ್ ಕಸಿದುಕೊಂಡು ಎರಡು ಉದ್ದ ಗೆರೆ ಎಳೆಯುತ್ತಾರೆ. ಬೆರಳು ಬಲಗಡೆಯ ಗೆರೆಯ ತುದಿಗೆ ಹೋಗಿ ನಿಲ್ಲುತ್ತದೆ. "ನಾ ಯಾವಾಗ್ಲೂ ಇಲ್ಲಿಂದ ಸುರು ಮಾಡ್ತೀನಿ. ಇದು ಮುಗಿದ ಮ್ಯಾಲ ಎಡಗಡಿದು. ಬಲದಿಂದ ಎಡಕ್ಕ ಉರ್ದು ಓದಿದ ಕಣ್ಣು, ಅತ್ತಾಗೇ ಹೋಗ್ತಾವ."

ಮದುವೆಯ ಪಾತ್ರೆಗಳ ಚೀಟಿಯನ್ನು ಎಡದಿಂದ ಓದಿದರೇನು, ಬಲದಿಂದ ಓದಿದರೇನು? ಸೌಟಿಗೆ ಮೊದಲು ಹೆಸರು ಬಿದ್ದರೂ ಒಂದೇ, ಕೊಳಗಕ್ಕೆ ಬಿದ್ದರೂ ಒಂದೇ. ಹನ್ನೊಂದು ವರ್ಷ ಅದರಿಂದ ಯಾರಿಗೂ ಏನೂ ಆಗಿಲ್ಲ.

"ಅಂದ್ರ ಕೆಳಗಿನ ಹನ್ನೆರಡು ಮದಲು, ಮ್ಯಾಲಿನವು ಆ ಮ್ಯಾಲ!" ಎನ್ನುತ್ತ ಮಲ್ಲೇಶ್ವರಿ ಅಲ್ಲೇ ಚೀಲದಿಂದ ಯಂತ್ರ ತೆಗೆಯುತ್ತಾಳೆ. ಕುಬ್ರಾ ಬೇಗಂ ಆಕೆಯ ಕೈ ಹಿಡಿಯುತ್ತಾರೆ. "ಇಲ್ಲಿ ಬ್ಯಾಡ. ಮತ್ತ ಬೀದ್ಯಾಗ ಬಿಚ್ಚತೀಯೇನು?" ಅಷ್ಟರಲ್ಲಿ ಬಂದ ಹಂಪಣ್ಣನಿಂದ ಅಂಗಡಿಯ ಗೋದಾಮು ತೆರೆಸಿ, ಆಕೆಯೊಬ್ಬಳನ್ನೇ ಒಳಗೆ ಬಿಟ್ಟು ಬಾಗಿಲಿಗೆ ಬೆನ್ನು ಕೊಟ್ಟು ನಿಲ್ಲುತ್ತಾರೆ. ನನಗೂ ಆಜ್ಞೆಯಾಗುತ್ತದೆ: "ಸರ, ನೀವೂ ರೋಡಿನ ಕಡಿ ತಿರುಗ್ರಿ."

ಅರ್ಧ ಗಂಟೆ ಹೀಗೇ ಹೋಗುತ್ತದೆ. ದೇವದುರ್ಗದ ಗಾಡಿಯವನು ಎರಡು ಸಲ ಹಾರ್ನ್ ಹೊಡೆಯುತ್ತಾನೆ. ಕುಬ್ರಾ ಬೇಗಂ ತುಟಿಯಲ್ಲೇ ಏನೋ ಓದಿಕೊಳ್ಳುತ್ತಿದ್ದಾರೆ. ಕೊನೆಗೆ ಬಾಗಿಲು ತೆರೆಯುತ್ತದೆ. ಮಲ್ಲೇಶ್ವರಿ ಬಂದವಳೇ ಅವರ ಹೆಗಲ ಮೇಲೆ ತಲೆಯಿಟ್ಟು ಬಿಕ್ಕುತ್ತಾಳೆ. "ಅದಾವ್ರಿ ಯವ್ವಾ, ಎಲ್ಲಾ ಅದಾವ." ನನ್ನ ಕಣ್ಣಲ್ಲೂ ನೀರಾಡಿತು, ಮುಚ್ಚಿಡುವುದೇಕೆ?

ಈ ಪದಗಳನ್ನು ಇನ್ನೊಬ್ಬರು ನೋಡಿಯಾಗಿದೆ, ಇವತ್ತೇ ಹೊಸ ಪದ ಮಾಡಿಕೊಂಡು ಹಣವನ್ನು ಅಲ್ಲಿಗೆ ಸಾಗಿಸುತ್ತೇನೆ ಎನ್ನುತ್ತಾಳೆ ಮಲ್ಲೇಶ್ವರಿ. ಕುಬ್ರಾ ಬೇಗಂಗೆ ಅದರಿಂದ ಬೇಜಾರಿಲ್ಲ. "ಹಂಗ ಮಾಡು. ಹೊಸಾ ಪಟ್ಟಿ ನೀನ ಬರಕೊ, ನಂಬರ್ ಸಮೇತ. ಮಷಿನ್ ಹಿಡಿಯೋದು ನಾ ಕಲಸ್ತೀನಿ, ಬರಿಯೋದು ಮಾತ್ರ ಗೋದಾಮಿನಾಗ ಕುಂತು. ಇನ್ಮ್ಯಾಲ ಇಂಥಾದ್ದು ಯಾರೇ ತಂದ್ರೂ ನಾ ನೋಡಂಗಿಲ್ಲ."

ಕತೆ ಇಲ್ಲಿಗೆ ಸುಖವಾಗಿ ಮುಗಿಯಿತೆಂದು ನಾನು ಪೆನ್ನು ಮುಚ್ಚುತ್ತೇನೆ. ಆದರೆ ಅವರು ಮಷಿನ್ ಹಚ್ಚುತ್ತಿಲ್ಲ. ಬೆರಳು ಮಡಚಿ ಏನೋ ಎಣಿಸುತ್ತಿದ್ದಾರೆ.

"ಸರ, ಇಂಥಾ ಪಟ್ಟಿ ಇನ್ನೂ ಐದು ಬರದೀನ್ರಿ. ಒಬ್ಬಾಂವ ದೇವದುರ್ಗದಾಂವ, ಇಬ್ರು ಸಿರವಾರದವ್ರು. ಉಳಿದ ಇಬ್ರು ಯಾರೋ ನೆನಪಿಲ್ಲ. ಫೋನ್ ನಂಬರ್ ತಗೊಂಡಿಲ್ಲ. ಅವ್ರ ಚೀಟಿನೂ ಎರಡು ಸಾಲಿಂದ ಇದ್ವು ಅನಸ್ತದ."

ಆ ಐದು ಮನೆಗಳಲ್ಲಿ ಐದು ಪಟ್ಟಿಗಳು ಭದ್ರವಾಗಿವೆ, ಬೆಂಕಿಗೂ ಜಗ್ಗದೆ. ಅವರ ಯಂತ್ರಗಳು ಇವತ್ತಿಗೆ ಚೆನ್ನಾಗಿರಬಹುದು. ಅವರು ನೆಮ್ಮದಿಯಿಂದಿದ್ದಾರೆ.

ನಾನು ಫೋಟೊಗೆಂದು ಫೋನ್ ಎತ್ತುತ್ತೇನೆ. ಕುಬ್ರಾ ಬೇಗಂ ಕೈ ಅಡ್ಡ ಹಿಡಿಯುತ್ತಾರೆ. "ಫೋಟೊ ಬ್ಯಾಡ್ರಿ. ಪೇಪರಿನ್ಯಾಗ ಇಷ್ಟು ಬರೀರಿ. ತೀನ್ ಕಂದೀಲ್ ಕಟ್ಟಿ ಮ್ಯಾಲ ಸ್ಟೀಲ್ ಪಟ್ಟಿಗಿ ಇಂಗ್ಲೀಷ್ ಬರೆಸಿದವ್ರೇ, ಚೀಟಿ ಎರಡು ಸಾಲಿಂದಿದ್ರ ಬರದಾಕಿ ಬಲಗಡಿಂದ ಸುರು ಮಾಡ್ಯಾಳ. ಯಂತ್ರ ಕೆಡೋತನಾ ಕಾಯಬ್ಯಾಡ್ರಿ, ಈಗ ನೋಡ್ಕೊಳ್ರಿ."

ನಿಮ್ಮ ಹೆಸರು ಹಾಕದೆ ಬರೆಯುತ್ತೇನೆ ಎನ್ನುತ್ತೇನೆ. ಅವರು ತಲೆ ಅಲ್ಲಾಡಿಸುತ್ತಾರೆ.

"ಹನ್ನೊಂದು ವರ್ಷ ಊರವ್ರ ಹೆಸರು ಬರದೀನ್ರಿ ಸರ. ಇದಕ್ಕ ನನ್ನ ಹೆಸರು ಹಾಕ್ರಿ, ಪೂರಾ ಹಾಕ್ರಿ. ತಪ್ಪು ಯಾರದಂತ ಗೊತ್ತಾದ್ರ ತಾನೆ ಅವ್ರು ಹುಡುಕ್ಕೊಂಡು ಬರೋದು?"